ಎಡ ಅಂಚು, ಬಾಲದಿಂದ ಒಂದೂವರೆ ಗೇಣು

ಮೀನಿನ ಲಾರಿಯಲ್ಲಿ ಬರುತ್ತದೆ ಹಲಗೆ,
ಬಂಗುಡೆ ಪೆಟ್ಟಿಗೆಗಳ ಮೇಲೆ ಕವುಚಿ ಮಲಗಿ
ಶಿರಾಡಿ ಹತ್ತಿ, ತಿಪಟೂರಿನಲ್ಲಿ ಟೀಗೆ ನಿಂತು,
ಅಂತರಸನಹಳ್ಳಿ ಗೇಟಿನಲ್ಲಿ ಬೆಳಗಿನ ಐದಕ್ಕೆ ಇಳಿಯುತ್ತದೆ.
ಮುಟ್ಟಿದರೆ ಇನ್ನೂ ಐಸು.
ಬೆಕ್ಕು ಮೊದಲು ಬರುತ್ತದೆ, ಆಮೇಲೆ ನಾನು.

ನಮ್ಮದು ನೀರಿನ ಟ್ಯಾಂಕು ಮಾಡುವ ಶೆಡ್ಡು.
ಫೈಬರ್ ಬಟ್ಟೆ, ರೆಸಿನ್ನು, ಮೂಗಿಗೆ ಕಟ್ಟಿದ ಹಳೇ ವೇಲು.
ಇಲಿಯಾಜ್ ಸಾಬರು ಅಂದಿದ್ದರು: "ಯಾರೋ ಕಡಲ ಹುಡುಗಿ, ರೇವಕ್ಕ,
ಅಲೆ ಮೇಲೆ ನಿಂತ್ಕೊಂಡು ಹೋಗ್ತಾಳಂತೆ. ಒಡೆದಿದೆ, ನೋಡು."
ನಾನು ಕಡಲು ಕಂಡವಳಲ್ಲ.
ಅಮಾನಿಕೆರೆಯ ಅಲೆ ಕಂಡಿದ್ದೇನೆ, ಅಂಗೈ ಎತ್ತರ,
ಏರಿಯ ಕಲ್ಲಿನ ತನಕ ಬಂದು
ಚಪ್ಪಲಿ ಬಿಟ್ಟು ಹೊರಗೇ ನಿಂತವರ ಹಾಗೆ ನಿಲ್ಲುತ್ತದೆ.

ಹುಡುಗಿಯ ಹೆಸರು ದೀಕ್ಷಾ ಪುತ್ರನ್. ಫೋನಿನಲ್ಲಿ ಪುಸ್ತಕದ ಕನ್ನಡ:
"ಇವತ್ತು ನಾಲ್ಕು ಅಡಿ ಉಂಟು ಅಕ್ಕ, ಹದಿಮೂರು ಸೆಕೆಂಡಿಗೆ ಒಂದು.
ದೂರದಿಂದ ಬರುವ ಅಲೆಗೆ ಅವಸರ ಇಲ್ಲ ಮಾರಾಯ್ರೆ.
ಬಂಡೆಯ ಮೂಗು ತಾಗಿದ ಕೂಡಲೆ ಬಾಗ್ತದೆ,
ಬಾಗಿ, ಬಲಕ್ಕೆ ಸುಲಿದುಕೊಂಡು ಹೋಗ್ತದೆ, ಮರಳಿನವರೆಗೂ."
ಸುಲಿಯುವುದು ನನಗೆ ಗೊತ್ತು.
ಅಪ್ಪ ದಿನಕ್ಕೆ ಎಂಟುನೂರು ಕಾಯಿ ಸುಲಿಯುತ್ತಿದ್ದ;
ಕೊನೇ ಮಟ್ಟೆ ಬಿಡುವಾಗ ಒಂದು ಉದ್ದ ಸದ್ದು.
"ಹಂಗೇನಾ?" ಅಂದೆ, ಬಾಯಲ್ಲೇ ಆ ಸದ್ದು ಮಾಡಿ.
ತುಸು ಹೊತ್ತು ಬಿಟ್ಟು "ಹಾಗೆಯೇ" ಅಂದಳು.

ಬೆಳಗಿನ ಗಾಳಿ ನೆಲದ ಕಡೆಯಿಂದ ಬೀಸಬೇಕಂತೆ,
ಅಲೆಗೆ ಎದುರಾಗಿ, ಬೀಳದ ಹಾಗೆ ಗದ್ದ ಹಿಡಿದು.
ಹತ್ತು ಗಂಟೆಗೆ ಕಡಲ ಗಾಳಿ ತಿರುಗಿತೋ, ಎಲ್ಲ ಕಲಸಿದ ಹಿಟ್ಟು.
ಮರುದಿನ ನಾಲ್ಕೂವರೆಗೆ ಶೆಡ್ಡಿನ ಹೊರಗೆ ನಿಂತೆ.
ಮೂಡಲಿಂದ ಸಣ್ಣಗೆ ಗಾಳಿ; ಡ್ರಮ್ಮಿನ ಮೇಲಿನ ತಗಡು ಮಿಸುಕಿತು.
"ಗಾಳಿ ಹೊರಟಿದೆ ಕಣವ್ವ, ಇಲ್ಲಿಂದ," ಅಂತ ಫೋನು ಮಾಡಿದೆ.
ನಕ್ಕಳು. "ಅದು ಇಲ್ಲಿಗೆ ಮುಟ್ಟುವುದಿಲ್ಲ ಅಕ್ಕ,
ಇದು ನಮ್ಮ ಹಿತ್ತಲದ್ದೇ ಗಾಳಿ."
ಘಟ್ಟ ತಡೆಯುತ್ತದಂತೆ. ತಡೆಯಲಿ.
ಆಮೇಲೂ ಎರಡು ಸಲ ಹೇಳಿದೆ.

ಮೊದಲ ಗಾಯ: ಎಡ ಅಂಚು, ಬಾಲದಿಂದ ಒಂದೂವರೆ ಗೇಣು.
ಎರಡನೆಯದೂ ಅಲ್ಲೇ, ಕೆಳಗೆ ಓರೆಯಾಗಿ.
ಮೂರನೆಯದರಲ್ಲಿ ಸಿಂಪಿಯ ಚೂರು,
ಉಪ್ಪುಕಾಗದದ ಕೆಳಗೆ ಉಗುರಿನ ಹಾಗೆ ಸಿಕ್ಕಿತು.
ನೀರಿಳಿದ ದಿನದ್ದು ಸೀಳು, ನೀರು ತುಂಬಿದ ದಿನದ್ದು ಬರೀ ತರಚು.
ಆರು ಸಲಕ್ಕೆ ಆ ಕಲ್ಲು ನನ್ನ ಕೈಗೆ ಬಂತು:
ಒರಳಿನಷ್ಟು ಅಗಲ, ಮೇಲೆ ಎರಡು ಹಲ್ಲು,
ಒಂದು ಗಿಡ್ಡ.
ಮಿಕ್ಕ ಪುಟ್ಟಿಯಲ್ಲಿ ಅದನ್ನು ಮಾಡಿ ಕಿಟಕಿಯಲ್ಲಿಟ್ಟೆ.
ಸಾಬರು ಮೂರು ದಿನ ಅದಕ್ಕೇ ಬೀಡಿ ಉಜ್ಜಿ ಆರಿಸಿದರು.

"ನೀನು ಏಳುವ ಜಾಗದಲ್ಲಿ ಒಂದು ಕಲ್ಲೈತೆ ಕಣೇ.
ಎರಡು ಮಾರು ಆಚೆಗೆ ಕಾದುಕೋ.
ನೀರಿಳಿದ ದಿನ ಮೂರು."
ಅತ್ತ ಮಾತಿಲ್ಲ. ಅಲೆ ಒಡೆಯುವುದು ಫೋನಿನೊಳಗೆ ಕೇಳಿಸಿತು.
"ನೀವು ಯಾವಾಗ ಬಂದಿದ್ರಿ ಇಲ್ಲಿಗೆ?" ಅಂದಳು.

ದೀಪಾವಳಿ ಹೋಯಿತು. ಹಲಗೆ ಬಂದಿಲ್ಲ.
ಲಾರಿಯ ಶೇಖಬ್ಬ ಹಾರನ್ನು ಹೊಡೆದು ಬರಿಗೈ ಆಡಿಸುತ್ತಾನೆ,
ಬೆಕ್ಕಿಗೆ ಒಂದು ಬಂಗುಡೆ ಎಸೆದು ಹೋಗುತ್ತಾನೆ.
ಚೆನ್ನಾಗಿದ್ದಾಳೆ ಅಂತ ಅದರರ್ಥ.
ಒಡೆಯದೆ ಇದ್ದದ್ದು ನನ್ನ ಹತ್ತಿರ ಯಾಕೆ ಬರಬೇಕು.

ನಿನ್ನೆ ಕೊರಟಗೆರೆಯಿಂದ ಒಂದು ಟ್ಯಾಂಕು, ಸಾವಿರ ಲೀಟರಿನದು,
ಟ್ರ್ಯಾಕ್ಟರಿನಿಂದ ಉರುಳಿ ಬಿರಿದದ್ದು.
ಒಳಗೆ ಇಳಿದು ಕೂತೆ. ಬಿರುಕಿನುದ್ದಕ್ಕೂ ಹೆಬ್ಬೆರಳು ಎಳೆದೆ.
ಗುಂಡುಕಲ್ಲು, ರಸ್ತೆ ಬದಿಯದು. ಇನ್ನೇನಿಲ್ಲ.
ಆದರೂ ಆ ಗವ್ವೆನ್ನುವ ಕತ್ತಲಲ್ಲಿ ಒಂದು ಸದ್ದು ಬಂದು ಹೋಯಿತು,
ಎಣಿಸತೊಡಗಿದೆ. ಹನ್ನೊಂದು. ಹನ್ನೆರಡು.
ಹದಿಮೂರಕ್ಕೆ
ಬೈಪಾಸಿನಲ್ಲಿ ಇನ್ನೊಂದು ಲಾರಿ ಹೋಯಿತು.