ಸಂದ್ರವೆಂದರೆ ಸಮುದ್ರ

ಮಾರಕ್ಕಸಂದ್ರ ನಮ್ಮೂರು, ಕೋಲಾರದ ಕಡೆ.
ಸಂದ್ರವೆಂದರೆ ಸಮುದ್ರ, ಎಂದರು ಮೇಷ್ಟ್ರು.
ನಾಲ್ಕನೇ ಕ್ಲಾಸಿನ ಹದಿಮೂರು ಮಂದಿ ಕಿಸಕ್ಕನೆ ನಕ್ಕೆವು:
ಕಿಟಕಿಯಾಚೆ, ಸಮುದ್ರದ ನಟ್ಟನಡುವೆ,
ಯಾರದೋ ಮೇಕೆ ಜಾಲಿಕಾಯಿ ಮೇಯುತ್ತಿತ್ತು.

ಅರವತ್ತು ಮನೆ, ಒಂದು ಏರಿ, ಎರಡು ತೂಬು.
ದೊಡ್ಡ ತೂಬಿನ ನೀರುಗಂಟಿ ನಮ್ಮ ತಾತ, ಪಿಳ್ಳಯ್ಯ.
ಕೆರೆ ತುಂಬುತ್ತಿದ್ದ ಕಾಲಕ್ಕೆ
ಏರಿ ಮೇಲೆ ಪಂಚೆ ಬಿಚ್ಚಿಟ್ಟು ಮುಳುಗಿದನೆಂದರೆ
ದಡದವರು ನೂರೆಣಿಸುವುದರೊಳಗೆ
ಬಿರಡೆ ಕಿತ್ತು ಮೇಲೆ ಬರುತ್ತಿದ್ದ.
ಆಮೇಲೆ ಸರದಿ.
ಕಾಲುವೆಯ ಕಟ್ಟಕಡೆಯ ಗದ್ದೆಗೆ ಮೊದಲು;
ತೂಬಿನ ಬುಡದ ಗದ್ದೆ ಗೌಡರದಾದರೂ ಕಾಯಬೇಕು.
ಕುಯ್ಲಿನಲ್ಲಿ ಅವನ ಪಾಲು, ಗದ್ದೆಗೊಂದು ಹೊರೆ.
ಕಣದ ಆಚೆ ನಿಂತೇ ಇಸಕೊಳ್ಳಬೇಕು.
ಅವನ ಕೈ ದಾಟಿ ಬಂದ ನೀರಿಗೆ ಮೈಲಿಗೆಯಿರಲಿಲ್ಲ,
ಅವನಿಗಿತ್ತು.

ತೂಬಿನ ಕಂಬದಲ್ಲಿ, ಎಂಟನೇ ಮೆಟ್ಟಿಲ ಪಕ್ಕ,
ಬರಹವಿದೆ ಎಂದು ಊರಿಗೆ ಹೇಳಿದವನು
ಅಕ್ಷರ ಬಾರದ ಅವನೇ.
ನೀರೊಳಗಿನ ಕತ್ತಲಲ್ಲಿ ಬೆರಳಿಗೆ ಸಿಕ್ಕಿತಂತೆ:
ಮೇಲೊಬ್ಬ ಸೂರ್ಯ, ಪಕ್ಕ ಚಂದ್ರ,
ಕರುವಿಗೆ ಹಾಲೂಡುವ ಹಸು,
ಕೆಳಗೆ ಸಾಲು ಸಾಲು ಗೀರು.
ಪಾಚಿ ಸವರಿ ಬಂದು ಪುರಾಣ ಹೇಳ್ತಾನೆ ಬಡ್ಡಿಮಗ,
ಎಂದು ನಕ್ಕರು.

ಅಷ್ಟಕ್ಕೂ ಮಾರಕ್ಕ ಯಾರು?
ಅಂಗಡಿ ಶೆಟ್ಟರ ಪ್ರಕಾರ ಪಾಳೇಗಾರನ ಕಿರಿಯ ಹೆಂಡತಿ.
ಪೂಜಾರಿಯ ಪ್ರಕಾರ ಏರಿ ಮೇಲಿನ ಗಂಗಮ್ಮನೇ.
ಅಕ್ಕಾಯಮ್ಮನ ಪ್ರಕಾರ ಮಜ್ಜಿಗೆ ಮಾರುವವಳು,
ಕೂಡಿಟ್ಟ ಕಾಸೆಲ್ಲ ಮಣ್ಣಿಗೆ ಹಾಕಿದವಳು.
ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು ಕಥೆಯನ್ನು,
ಒಂದೊಂದು ಸಲ ಒಂದೊಂದು ಥರ.
ತಾತ ಮಾತ್ರ, ಬೀಡಿ ಆರಿಸುತ್ತ,
"ಯಾರೋ ಬಾಯಾರಿದವಳು ಬಿಡಮ್ಮಾ."

ಕೆರೆ ಬತ್ತಿತು. ಕಲ್ಲು ಕಾಣಬೇಕಿತ್ತು, ಕಾಣಲಿಲ್ಲ.
ಹೂಳು ಎಂಟನೇ ಮೆಟ್ಟಿಲು ನುಂಗಿ
ಐದನೆಯದರ ಮೇಲೆ ಕಾಲು ಚಾಚಿತ್ತು.
ಕರೆಂಟಿಲ್ಲದ ರಾತ್ರಿ ತಾತ ನನ್ನ ಅಂಗೈ ಹಿಡಿದು
ನೆನಪಿದ್ದಷ್ಟನ್ನು ಉಗುರಿನಿಂದ ಬರೆದ,
ಕಚಗುಳಿಗೆ ನಾನು ಕೈ ಎಳೆದುಕೊಂಡಾಗೆಲ್ಲ
ಮೊದಲಿಂದ.
"ಓದು, ಇಸ್ಕೂಲಿಗೆ ಹೋಗ್ತೀಯಲ್ಲ."
ನನ್ನ ಪಾಠದ ಪುಸ್ತಕದಲ್ಲಿ ಅಂಥ ಅಕ್ಷರವೇ ಇರಲಿಲ್ಲ.

ಅವನು ಹೋದ ಮರುವರ್ಷ ಜೆಸಿಬಿ ಬಂತು.
ಮೂರನೇ ದಿನ ಹಲ್ಲಿಗೆ ಸಿಕ್ಕಿತು ಕಂಬ:
ಸೂರ್ಯ, ಚಂದ್ರ, ಹಸು, ಕರು,
ಹೇಳಿದ್ದು ಹೇಳಿದ ಹಾಗೆ.
ನಕ್ಕವರಲ್ಲಿ ಉಳಿದಿದ್ದವನೊಬ್ಬ ಟವೆಲ್ಲು ತೆಗೆದು ಹೆಗಲ ಮೇಲೆ ಹಾಕಿಕೊಂಡ,
ಅಷ್ಟೆ.
ಮೈಸೂರಿಂದ ಬಂದವರು ಕಾಗದ ಒತ್ತಿ, ಮಸಿ ತಟ್ಟಿ ಓದಿದರು:
"ಮಾರಕ್ಕಂ ಕಟ್ಟಿಸಿದ ಕೆಱೆ"
ಮುಂದೆ ಒಡೆದಿದೆ.
ಒಡೆದ ತುಂಡು ಹೂಳಿನ ಜೊತೆ
ಯಾವ ಟ್ರ್ಯಾಕ್ಟರ್ ಹತ್ತಿತೋ, ಯಾವ ಟೊಮೇಟೊ ತೋಟಕ್ಕೆ ಬಿತ್ತೋ.

ಮುಂದಿನದು ನನ್ನ ಅಂಗೈಯಲ್ಲಿತ್ತು.
ಅವರ ನೋಟುಬುಕ್ಕಿನಲ್ಲಿ ನಾಲ್ಕು ಗೀರು ಬರೆದು ಕೊಟ್ಟೆ.
ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು.
ಇದು 'ನೀ' ಇರಬಹುದು, ಇದು 'ರ'.
ಇದು ಗೊತ್ತಾಗುವುದಿಲ್ಲ.
ಇದು ಅಕ್ಷರವಲ್ಲಮ್ಮ, ಕಲ್ಲಿನ ಬಿರುಕು.

ಈಗ ಕೆರೆ ತುಂಬಿದೆ.
ಮಹಾನಗರ ಮಿಂದು, ತೊಳೆದು, ಉಗಿದ ನೀರು
ಸೋಸಿಕೊಂಡು ಪೈಪಿನಲ್ಲಿ ಬಂದಿದೆ.
ಮೊದಲ ದಿನ ಮೂಗು ಮುಚ್ಚಿ ಆರತಿ ಎತ್ತಿದೆವು.
ಕುಡಿಯುವುದಿಲ್ಲ ಯಾರೂ, ಆದರೆ ಬತ್ತಿದ್ದ ಬೋರು ಉಸಿರಾಡುತ್ತಿದೆ,
ಮೀನಿನ ಹರಾಜಿಗೆ ಜಗಳ ಮರಳಿ ಬಂದಿದೆ,
ಎಂಟನೇ ಮೆಟ್ಟಿಲು ಮತ್ತೆ ಕತ್ತಲಲ್ಲಿ.

ಪಂಚಾಯಿತಿ ರಿಜಿಸ್ಟರಿನಲ್ಲಿ ನನ್ನ ಹುದ್ದೆ, ವಾಟರ್‌ಮನ್.
ತಿದ್ದಿಸಲು ಎರಡು ಅರ್ಜಿ ಕೊಟ್ಟು ಬಿಟ್ಟೆ.
ಬೆಳಗ್ಗೆ ಐದಕ್ಕೆ ವಾಲ್ವಿನ ಗುಂಡಿಗಿಳಿದು ತಿರುಗಿಸುತ್ತೇನೆ,
ಕಟ್ಟಕಡೆಯ ಬೀದಿಗೆ ಮೊದಲು.
ಐದೂಕಾಲಿಗೆ ಸರಿಯಾಗಿ
ಗೌಡರ ಮೊಮ್ಮಗನ ಫೋನು.
ರಿಂಗಾಗಲಿ. ಕೈ ಒದ್ದೆ.