ಕಾಗೆ ಬಾರದ ತಿಂಗಳು

ಹಲ್ ಊರಿನಲ್ಲಿ ಕಾಗೆ ಕಡಿಮೆ.
ಕಸದ ಡಬ್ಬಿಗಳ ಮೇಲೆ ಕಡಲಹಕ್ಕಿಗಳದ್ದೇ ದರ್ಬಾರು.
ನನ್ನನ್ನು ಮುಟ್ಟಲು ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಚಿಕ್ಕಮ್ಮ ಹಿತ್ತಿಲ ಕಟ್ಟೆಯಲ್ಲಿ ಕೂತು
ಕಾಗೆ ಮುಟ್ಟಿದೆ, ಹತ್ತಿರ ಬರಬೇಡ್ವೇ, ಅನ್ನುತ್ತಿದ್ದಳು.
ಆರು ವರ್ಷದ ನಾನು ದೂರದಿಂದಲೇ
ಅವಳ ಬೆನ್ನಿನ ಮೇಲೆ ಕೊಕ್ಕಿನ ಗುರುತು ಹುಡುಕುತ್ತಿದ್ದೆ.

ಇವತ್ತಿಗೆ ಅರವತ್ತೊಂದು ದಿನ.
ಕಡ್ಡಿಯ ಮೇಲೆ ಒಂದೇ ಗೆರೆ.
ಇನ್ನೊಂದು ಕಡ್ಡಿ. ಅದರಲ್ಲೂ ಒಂದೇ.
ನಿರಾಳಕ್ಕೆ ಅಳಬೇಕೋ, ನಿರಾಸೆಗೋ ತಿಳಿಯದೆ
ಬಚ್ಚಲ ಬಾಗಿಲಿಗೆ ಹಣೆಯಿಟ್ಟು ನಿಂತೆ.

ಡಾಕ್ಟರಿಗೆ ಹತ್ತೇ ನಿಮಿಷ.
ತೂಕ ಇಳಿದಿದೆಯೇ? ಇಳಿದಿದೆ, ಏಳು ಕಿಲೋ,
ಪ್ಯಾಂಟಿಗೆ ಪಿನ್ನು ಹಾಕಿಕೊಂಡಿದ್ದೇನೆ.
ನಿದ್ದೆ? ಹಗಲು ಮಲಗುತ್ತೇನೆ, ಕಿಟಕಿಗೆ ಕಂಬಳಿ ಸಿಕ್ಕಿಸಿ;
ವೃದ್ಧರ ಮನೆಯಲ್ಲಿ ರಾತ್ರಿ ಪಾಳಿ, ವಾರಕ್ಕೆ ಐದು.
ಮನೆಯಲ್ಲಿ ಯಾರಿಗಾದರೂ ಮುಟ್ಟು ಬೇಗ ನಿಂತದ್ದುಂಟೇ?
ಹೇಗೆ ಹೇಳಲಿ. ಹೊರಗೆ ಕೂತದ್ದು ಕೇರಿಗೆಲ್ಲ ಕಾಣುತ್ತಿತ್ತು,
ಕೂರುವುದು ಬಿಟ್ಟದ್ದನ್ನು ಯಾರೂ ಲೆಕ್ಕವಿಡಲಿಲ್ಲ.
ಥೈರಾಯ್ಡ್ ಇರಬಹುದು, ಅಂಡಾಶಯ ಇರಬಹುದು,
ನಲವತ್ತೆರಡು ಅಂದರೆ ವಯಸ್ಸೂ ಇರಬಹುದು,
ಮನಸ್ಸೂ, ಅಂದಳು. ಅಲ್ಲಿಗೆ ಬಂದಾಗ
ಕೀಬೋರ್ಡಿನ ಸದ್ದು ನಿಂತಿತು.

ತೋಳಿನಿಂದ ಮೂರು ಸೀಸೆ ರಕ್ತ ತೆಗೆದರು.
ಕೇಳಿದರೆ ಬರುತ್ತದೆ ನೋಡು, ಎಷ್ಟು ಸಲೀಸು.

ಅವತ್ತು ರಾತ್ರಿ ಮೂರಕ್ಕೆ
ಹದಿನಾಲ್ಕನೇ ಕೋಣೆಯ ಡೋರೀನ್,
ಮಗಳ ಹೆಸರೇ ಮರೆತವಳು,
ಹಾಸಿಗೆ ಬದಲಿಸುತ್ತಿದ್ದ ನನ್ನ ಮಣಿಕಟ್ಟು ಹಿಡಿದು
ಇನ್ನೂ ಬರಲಿಲ್ಲವಾ, ಅಂದಳು.
ಯಾರು ಹೇಳಿದರು ಇವಳಿಗೆ?

ಅವಳದು ಬೇರೆಯೇ ಲೆಕ್ಕ. ಗಂಡನ ದೋಣಿ
ಐಸ್‌ಲ್ಯಾಂಡಿನ ಕಡೆ ಹೋದದ್ದು ಬರಲಿಲ್ಲ,
ಆಮೇಲೆ ಇದೂ ಬರಲಿಲ್ಲ, ಹದಿನಾಲ್ಕು ತಿಂಗಳು.
ಎಲ್ಲರೂ ನನ್ನ ಹೊಟ್ಟೆ ನೋಡಿದರು ಕಣೇ,
ನಾನು ಬಂದರು ನೋಡುತ್ತಿದ್ದೆ.
ಕೊನೆಗೊಂದು ಮಂಗಳವಾರ, ಕಾರ್ಖಾನೆಯಲ್ಲಿ
ಮೀನು ಸೀಳುತ್ತಿದ್ದಾಗ ಬಂತು.
ಮೀನಿನದೇ ಇರಬೇಕೆಂದು ಒರೆಸಿಕೊಂಡೆ.

ನಿನ್ನದು ಯಾವ ದೋಣಿ?

ನನ್ನ ವೀಸಾ ಮಾರ್ಚಿಗೆ ಮುಗಿಯುತ್ತದೆ, ಅಂದೆ.
ಅದು ದೋಣಿಯ ಹೆಸರೆಂಬಂತೆ
ಗೊತ್ತು, ಗೊತ್ತು ಎಂದು ತಲೆಯಾಡಿಸಿದಳು,
ಮಗ್ಗುಲಾಗಿ ನಿದ್ದೆಹೋದಳು.

ಬೆಳಗಿನ ಬಸ್ಸಿಗೆ ಚಿಲ್ಲರೆ ಹುಡುಕುವಾಗ
ಬ್ಯಾಗಿನ ತಳದಲ್ಲಿ ಸಿಕ್ಕಿತು,
ಎರಡು ತಿಂಗಳಿಂದ ಮುದುಡಿ ಕೂತ ಪ್ಯಾಡು,
ಮೈಗೆಲ್ಲ ಬಿಸ್ಕತ್ತಿನ ಪುಡಿ.
ಕೊಡವಿ, ಅಲ್ಲೇ ಇಟ್ಟೆ.