ಇತರೆ, ವಿವರಿಸಿ

ಚಿತ್ತಾಪುರದ ಬಸ್ಸಿಳಿದು ಎರಡು ಮೈಲಿ.
ಶ್ರಾವಣದ ಎರಿ ಮಣ್ಣು ಹೆಜ್ಜೆಗೊಮ್ಮೆ
ಚಪ್ಪಲಿಗೆ ಇನ್ನೊಂದು ಚಪ್ಪಲಿ ಹೊಲಿಯಿತು.
ಚೀಲದಲ್ಲಿ ನಲವತ್ತು ಫಾರಮ್ಮು,
ಒಂದೊಂದರಲ್ಲೂ ಐವತ್ತೆರಡು ಪ್ರಶ್ನೆ,
ಮೇಲೆ ದಪ್ಪಕ್ಷರ: ಕೃಷಿ ಮಾಹಿತಿ ರೈತರನ್ನು ತಲುಪುವ ಬಗೆ.
ಬಗೆ ನನಗಾಗಲೇ ತಿಳಿದಿತ್ತು,
ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ.

ಪ್ರಶ್ನೆ ಮೂರು. ಮನೆಯ ಯಜಮಾನರು ಯಾರು?
ಪರ್ಸಿ ಕಟ್ಟೆಯ ಮೇಲೆ ಕೂತ ಜಗದೇವಿ ನಕ್ಕಳು.
"ಶಹಾಬಾದಕ್ಕ ಹೋಗ್ಯಾರ.
ಫೋನೂ ಅವರ ಕಿಸೇದಾಗ ಹೋಗ್ಯದ.
ಹೊಲ ಒಂದು ಇಲ್ಲೇ ಅದ. ಯಾರಿಗಿ ಕೇಳ್ತಿ?"
ನಿಯಮದಂತೆ ನಾನು ಎದ್ದು ಹೋಗಬೇಕಿತ್ತು.
ಚಹಾ ಬಂತು. ಕೂತೆ.

ಪ್ರಶ್ನೆ ಒಂಬತ್ತು. ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ ಕುರಿತು...
"ಅದ್ಯಾವ ಬ್ಯಾನಿ, ಯವ್ವಾ?"
ಬೇನೆಯಲ್ಲ, ನೀರು, ಮಣ್ಣು, ಗಿಡ...
"ಹಂಗಂದ್ರ ಹಳ್ಳ ಅನ್ನು. ಒಡ್ಡು ಅನ್ನು.
ಹೆಸರಿದ್ದದ್ದಕ್ಕ ಹೆಸರು ಹಿಡದು ಕರದ್ರ ಓ ಅಂತದ."
ಹಾಳೆಯಂಚಿಗೆ ಹಳ್ಳ ಎಂದು ಬರೆದುಕೊಂಡೆ.
ಹಳ್ಳಕ್ಕೆ ಕಾಲಂ ಇರಲಿಲ್ಲ.

ಪ್ರಶ್ನೆ ಹದಿನೇಳು, ನಂಬಿಕೆ. ಒಂದರಿಂದ ಐದರ ತನಕ.
ರೇಡಿಯೊ?
"ಛಲೋ ಮಾತಾಡ್ತದ, ಖರೆ ಮಳಿ ಬಂದ್ರ ಕೆಮ್ಮತದ. ಮೂರು ಬರಿ."
ಔಷಧದ ಅಂಗಡಿ?
"ಬಾಟಲಿ ಮಾರೋರ ಮಾತು ಬಾಟಲಿ ಇರೋತನಕ. ಎರಡು."
ಕೃಷಿ ಅಧಿಕಾರಿ?
"ಯಾವ ಸಾಹೇಬ್ರು? ಬಂದವರೋ, ಬರ್ತೀನಿ ಅಂದವರೋ?"
ಇಬ್ಬರಿಗೂ ಒಂದೇ ಚೌಕ.

ಪ್ರಶ್ನೆ ಇಪ್ಪತ್ನಾಲ್ಕು. ತೊಗರಿಯ ಕುಡಿ ಚಿವುಟಬೇಕೆಂದು
ಮೊದಲು ಯಾರಿಂದ ತಿಳಿಯಿತು?
"ಆಡಿನಿಂದ."

ಪೆನ್ನು ನಿಂತಿತು.

"ಮೂರು ಮಳಿಗಾಲದ ಹಿಂದ, ರುಕುಂ ಪಟೇಲರ ಆಡು,
ಒಂದು ಕಿವಿ ಹರದದ್ದು,
ಹಳ್ಳದ ಕಡಿ ನಾಕು ಸಾಲಿನ ತುದಿ ಮೇದು ಹೋತು.
ಊರು ಕೇಳೋಹಂಗ ಅವರ ಬಾಗಿಲಿಗಿ ಹೋಗಿ ಜಗಳಾಡೀನಿ.
ಆಮ್ಯಾಲ ಅವೇ ನಾಕು ಸಾಲು
ಟೊಂಗಿಗಿ ಟೊಂಗಿ ಒಡದು ಕಾಯಿ ಹಿಡದ್ವು ನೋಡು,
ಬೈದ ಬಾಯಿಗಿ ನಾಚಿಕಿ ಬಂತು.
ರಾಶಿ ಆದ ಮ್ಯಾಲ ಒಂದು ಸೇರು ಬ್ಯಾಳಿ ಕೊಟ್ಟು ಬಂದೆ.
ಮುಂದಿನ ವರ್ಷ ಕೂಲಿ ಹೆಣಮಕ್ಕಳೆಲ್ಲ ಕೂಡಿ
ನಾವೇ ಆಡು ಆದ್ವಿ.
ಫೋನಿನಾಗಿನ ಸುದ್ದಿ ಅದಾದ ಮ್ಯಾಲ ಬಂತು."

ಏಳನೇ ಚೌಕ. ಇತರೆ, ವಿವರಿಸಿ:
ಆಡು.

"ನಿನಗ ಚಿವುಟಲಾಕ ಬರ್ತದೇನು?"
ಬರುವುದಿಲ್ಲ ಎಂದೆ. ಆ ಪ್ರಶ್ನೆ ಐವತ್ತೆರಡರಲ್ಲಿ ಇರಲಿಲ್ಲ.
ಹಿತ್ತಲ ಸಾಲಿಗೆ ಕರೆದೊಯ್ದು
ನನ್ನ ಹೆಬ್ಬೆರಳ ಉಗುರನ್ನು ಎಳೆಯ ಕುಡಿಯ ಕೆಳಗೆ ಒತ್ತಿದಳು.
ಟಕ್ ಅಂದಿತು.
"ಮೊಳಕಾಲಿನ ಎತ್ತರ ಇರಬೇಕು, ಹೂವಾಗಿರಬಾರದು.
ಇಷ್ಟೇ. ಇದಕ್ಕ ಎಷ್ಟು ಅಂಕಿ?"

ಕೊನೆಯ ಪ್ರಶ್ನೆ. ನೀವು ನಮ್ಮನ್ನು ಕೇಳುವುದೇನಾದರೂ ಇದೆಯೇ?
ಉತ್ತರಕ್ಕೆ ಒಂದೇ ಗೆರೆ.
"ಹ್ವಾದ ವರ್ಷ ಒಬ್ಬ ಹುಡುಗ ಬಂದಿದ್ದ, ಚಾಳೀಸದವ.
ಹಿಂಗೇ ಕೂತು ಬರಕೊಂಡು ಹೋದ.
ನಾವು ಹೇಳಿದ್ದು ಎಲ್ಲಿಗಿ ಹೋತು?"

ನಾಲ್ಕನೇ ದಿನ ಕಲಬುರಗಿಯ ಕಚೇರಿ, ಫ್ಯಾನಿನ ಕೆಳಗೆ
ಪೇಪರ್‌ವೇಟಿಲ್ಲದ ನಲವತ್ತು ಮಂದಿ ಪಟಪಟನೆ ಹಾರಾಡುತ್ತಿದ್ದರು.
ಮೇಲ್ವಿಚಾರಕರು ಕನ್ನಡಕ ಏರಿಸಿ ಕೇಳಿದರು,
"ಇದೇನಮ್ಮ ಆಡು? ಕೈತಪ್ಪೇ?"
ಅಲ್ಲ ಸರ್.
"ದತ್ತಾಂಶ ಶುದ್ಧವಾಗಿರಬೇಕು. ನಾಲ್ಕು ಹಾಕಿ, ನೆರೆಹೊರೆ."
ಹಾಕಿದೆ.
ಆಡು ನೆರೆಮನೆಯದೇ, ಪೂರ್ತಿ ಸುಳ್ಳೇನಲ್ಲ.

ಜಗದೇವಿಯ ಪ್ರಶ್ನೆ ಒಂದು ಗೆರೆಯಲ್ಲಿ ಹಿಡಿದಿರಲಿಲ್ಲ.
"ಎಲ್ಲಿಗಿ ಹೋತು" ಅನ್ನುವಷ್ಟು
ಹಾಳೆಯ ಹಿಂಬದಿಗೆ ಹೊರಳಿತ್ತು.
ಹಿಂಬದಿಯನ್ನು ಇಲ್ಲಿ ಸ್ಕ್ಯಾನ್ ಮಾಡುವುದಿಲ್ಲ.